ಬಾಗಿಲ ಬಳಿಯ ಹಾಲಿನ ಬೋಗುಣಿ

ಫೆಬ್ರವರಿ 12

ನಾದಿನಿಗೆ,

ಎಲ್ಲರೂ ಕ್ಷೇಮ ಎಂದು ಮೊದಲು ಬರೆ, ಜಗಳ ಆಮೇಲೆ ಆಡು ಎಂದು ನಿನ್ನ ಅಣ್ಣ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ. ಕ್ಷೇಮವಿಲ್ಲ, ಹಾಗಾಗಿ ಬರೆಯುವುದಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ, ಮೂರು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಕಿತ್ತಾಡುತ್ತೇವೆ, ನಾಲ್ಕನೇ ಮಾತಿಗೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ಬೈದುಕೊಂಡಾದರೂ ಕೊನೆಯವರೆಗೆ ಓದುತ್ತೀಯ.

ಮಡಿಕೆಯೊಳಗೆ ಮೂರು ಎಲೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು. ಒಂದೇ ಎಲೆಯಲ್ಲಿ ಒಂದು ಕಡೆ ತಿಳಿ ಹಸಿರು, ಇನ್ನೊಂದು ಕಡೆ ಕಡು ಹಸಿರು, ಬಣ್ಣ ಸಾಲದೆ ಅರ್ಧಕ್ಕೆ ಬಿಟ್ಟ ಗೋಡೆಯ ಹಾಗೆ. ಕಡು ಹಸಿರಿನ ಜಾಗ ಗುಳ್ಳೆ ಎದ್ದಂತೆ ಉಬ್ಬಿದೆ. ಮೂರನೆಯ ಎಲೆಯಂತೂ ದಾರದಷ್ಟು ಸಪೂರ. ನಾನು ಹೇಳದಿದ್ದರೆ ಅದು ಟೊಮೇಟೊ ಎಲೆ ಎಂದು ನಿನಗೂ ಗೊತ್ತಾಗುತ್ತಿರಲಿಲ್ಲ. ಗೊಬ್ಬರ ಸಾಲದೇನೋ ಎಂದು ಮೊದಲು ಗೊಬ್ಬರ ಕೊಟ್ಟೆ. ಬಿಳಿನೊಣ ಇರಬಹುದು ಎಂದು ನಿನ್ನ ಅಣ್ಣ ಕನ್ನಡಕ ಏರಿಸಿಕೊಂಡು ಎಲೆ ಮಗುಚಿ ಮಗುಚಿ ಹುಡುಕಿದರು. ಒಂದೂ ಸಿಗಲಿಲ್ಲ, ಆದರೂ ಔಷಧಿ ಹೊಡೆದರು. ನರ್ಸರಿಯಲ್ಲಿ ಅರವತ್ತು ಟ್ರೇ ಸಸಿ ಇತ್ತು. ಇವತ್ತಿಗೆ ನಲವತ್ತೊಂದು ಟ್ರೇ ಹೀಗಾಗಿವೆ.

ಈಗ ಮುಖ್ಯ ವಿಷಯ. ಮೊದಲು ಕಾಣಿಸಿಕೊಂಡದ್ದು ಗುಳಿಕೆನ್ನೆ ಟೊಮೇಟೊದ ಟ್ರೇಯಲ್ಲಿ. ಬೇರೆಯವರ ಬೀಜದ ಟ್ರೇಗಳಿಗೆ ಹಬ್ಬಿದ್ದು ಅಲ್ಲಿಂದ. ಅತ್ತೆಯವರ ಆ ಟೊಮೇಟೊಗೆ ಒಂದು ಪಕ್ಕದಲ್ಲಿ ಬೆರಳೊತ್ತಿದಂಥ ಗುಳಿ ಇರಬೇಕು, ಅದು ಇದ್ದರೇನೇ ಬೀಜಕ್ಕೆ ಇಡಬೇಕು ಎಂದೆಲ್ಲ ನೀನು ನಿನ್ನ ಹಿತ್ತಲ ಹೊಲದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನನಗೆ ಗೊತ್ತು. ಹಣ್ಣು ನೋಡಿದೆ ಸರಿ, ಗಿಡ ನೋಡಿದೆಯಾ? ಬೀಜ ನಿನ್ನದು. ನಿನ್ನ ಅಣ್ಣ ವರ್ಷಕ್ಕೊಮ್ಮೆ ಬಂದು ನಿನ್ನ ಕೈಯಿಂದಲೇ ತಂದದ್ದು. ಗುಳಿಕೆನ್ನೆಗಾಗಿ ಕಾದಿರುವ ಬೆಳೆಗಾರರಿಗೆ ನಾನು ಏನು ಹೇಳಲಿ, ನೀನೇ ತಿಳಿಸು.

ನಿನ್ನ ಅಣ್ಣನ ಹೆಂಡತಿ

*

ಫೆಬ್ರವರಿ 17

ಅತ್ತಿಗೆಯವರಿಗೆ,

ನಿಮ್ಮ ಕಾಗದ ನಿನ್ನೆ ಬಂತು. ಬೀಜ ವಿಂಗಡಿಸುವ ಮೇಜಿನ ಮೇಲೆಯೇ ಒಡೆದೆ. ನಿಮ್ಮ ಎಲೆಗಳನ್ನು ಸಾಲಾಗಿ ಹರಡಿ, ಒಂದನ್ನು ಬೆರಳಲ್ಲಿ ತಿಕ್ಕಿ ಪುಡಿಮಾಡಿ ಮೂಸಿಯೂ ನೋಡಿದೆ. ಗೊಬ್ಬರ ಜಾಸ್ತಿಯಾಗಿ ಸುಟ್ಟ ಎಲೆ, ಇಲ್ಲವೇ ಅಣ್ಣನ ಔಷಧಿಯ ಪ್ರತಾಪ. ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ಬಂದಾಗ ನನಗೆ ಕೂರಲು ಆಗುವುದಿಲ್ಲ ಎಂದು ನಿಮಗೆ ಗೊತ್ತು. ನೇರ ಹೊಲಕ್ಕೆ ಹೋಗಿ ನೂರಿಪ್ಪತ್ತು ಗಿಡದ ಪಕ್ಕದ ಚಿಗುರನ್ನು ಒಂದೇ ಉಸಿರಿಗೆ ಚಿವುಟಿ ಬಂದೆ. ಒಂದು ಗಿಡದಲ್ಲೂ ನೀವು ಹೇಳಿದ ಮಚ್ಚೆ ಇಲ್ಲ.

ಮೂವತ್ತು ವರ್ಷ ಅಮ್ಮ ಈ ಬೀಜ ಕಾಪಾಡಿದಳು. ಯಾರೂ ಒಂದು ಮಾತು ಆಡಿರಲಿಲ್ಲ. ಅಮ್ಮ ಹೋದ ಹದಿನೈದನೇ ದಿನಕ್ಕೆ ಅವಳ ಎನಾಮಲ್ ಬೋಗುಣಿಯನ್ನು ಗುಜರಿಯ ಚೀಲಕ್ಕೆ ತುಂಬಿದವರಿಗೆ ಈಗ ಅವಳ ಬೀಜದಲ್ಲೂ ಕಸ ಕಾಣಿಸುತ್ತಿದೆ. ಆಶ್ಚರ್ಯವಿಲ್ಲ.

ಬೆಳೆಗಾರರಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಕೈ ತೊಳೆದುಕೊಂಡು ಕೆಲಸ ಮಾಡುತ್ತೇನೆ ಎಂದು ಹೇಳಿ.

ಇಂತಿ,
ಬೀಜದವಳು

*

ಮಾರ್ಚ್ 1

ಚೂಟಿ,

ಇದನ್ನು ಓದಿದ ಕೂಡಲೇ ನಾನು ಕಳಿಸಿದ ಎಲೆ, ಅದು ಇದ್ದ ಕಾಗದ, ಲಕೋಟೆ ಮೂರನ್ನೂ ಸುಟ್ಟುಬಿಡು. ಬರಿಗೈಯಲ್ಲಿ ಮುಟ್ಟಬೇಡ. ಮೇಜನ್ನು ಸೋಪಿನ ನೀರಲ್ಲಿ ಉಜ್ಜು. ಹೊಲಕ್ಕೆ ಹೋಗಬೇಡ. ಮಿಕ್ಕದ್ದು ಆಮೇಲೆ ಓದು.

ಸುಟ್ಟೆಯಾ? ಈಗ ಓದು.

ಕೃಷಿ ಕಚೇರಿಯಿಂದ ಸಸ್ಯರೋಗ ನೋಡುವ ಡಾಕ್ಟರನ್ನು ಕರೆಸಿದೆ. ಸಣ್ಣ ವಯಸ್ಸಿನ ಹೆಂಗಸು, ದೊಡ್ಡ ಚೀಲ. ಒಂದು ಎಲೆಯನ್ನು ಪುಟ್ಟ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅರೆದು, ಅದರಲ್ಲಿ ಒಂದು ಪಟ್ಟಿ ಅದ್ದಿ, ಗಡಿಯಾರ ನೋಡುತ್ತಾ ನಿಂತಳು. ಪಟ್ಟಿಯಲ್ಲಿ ಒಂದು ಗೆರೆ ಬಂದರೆ ರೋಗವಿಲ್ಲ, ಎರಡು ಬಂದರೆ ಉಂಟು. ಐದು ನಿಮಿಷಕ್ಕೆ ಎರಡು ಗೆರೆ ಬಂತು. ಬೇರೆ ಮನೆಗಳಲ್ಲಿ ಎರಡು ಗೆರೆ ಬಂದರೆ ಸಿಹಿ ಹಂಚುತ್ತಾರೆ ಎಂದು ನಿನ್ನ ಅಣ್ಣ ತಮಾಷೆ ಮಾಡಲು ಹೋದರು, ಯಾರೂ ನಗಲಿಲ್ಲ.

ಇದು ನಂಜು ರೋಗವಂತೆ, ಮೊಸಾಯಿಕ್ ವೈರಸ್ಸು. ಇದಕ್ಕೆ ಔಷಧಿ ಇಲ್ಲ. ನೊಣ ತರುವುದಿಲ್ಲ, ಗಾಳಿ ತರುವುದಿಲ್ಲ. ಕೈ ತರುತ್ತದೆ, ಕತ್ತರಿ ತರುತ್ತದೆ, ಗಿಡ ಕಟ್ಟುವ ದಾರ, ಅಂಗಿಯ ತೋಳು ತರುತ್ತವೆ. ರೋಗದ ಗಿಡದ ರಸ ಒಂದಿಷ್ಟು ಬೆರಳಿಗೆ ಹತ್ತಿದರೆ ಸಾಕು, ಆಮೇಲೆ ಮುಟ್ಟಿದ ಗಿಡಕ್ಕೆಲ್ಲ ಬಳಿದ ಹಾಗೆ. ಸಿಗರೇಟಿನ ಹೊಗೆಸೊಪ್ಪಿನಲ್ಲೂ ಇದರ ದಾಯಾದಿ ಇರುತ್ತದೆ, ಸೇದಿದ ಕೈಯಲ್ಲಿ ಸಸಿ ಮುಟ್ಟಬಾರದು ಎಂದಳು. ನಿನ್ನ ಅಣ್ಣ ಜೇಬಿನಿಂದ ಪೊಟ್ಟಣ ತೆಗೆದು ಕಸದ ಬುಟ್ಟಿಗೆ ಹಾಕಿದರು. ಹದಿನಾಲ್ಕು ವರ್ಷದಲ್ಲಿ ನನ್ನಿಂದ ಆಗದ್ದು ಅವಳಿಗೆ ಒಂದೇ ಮಾತಿನಲ್ಲಿ ಆಯಿತು.

ಆಮೇಲೆ ನನ್ನ ಸರದಿ. "ಈ ಸಸಿಗಳನ್ನ ದಿನಾ ಮುಟ್ಟೋರು ಯಾರು?" ಎಂದಳು.

"ನಾನೇ."

"ಹೇಗೆ ಮುಟ್ತೀರಿ, ಸ್ವಲ್ಪ ತೋರಿಸಿ."

ತೋರಿಸಿದೆ. ಸಸಿ ಗಟ್ಟಿಯಾಗಿ, ಗಿಡ್ಡವಾಗಿ ಬೆಳೆಯಲಿ ಎಂದು ದಿನಾ ಬೆಳಿಗ್ಗೆ ಅಂಗೈಯಿಂದ ಅವುಗಳ ತಲೆ ಸವರುತ್ತೇನಲ್ಲ, ಮೊದಲ ಟ್ರೇಯಿಂದ ಕೊನೆಯ ಟ್ರೇವರೆಗೆ, ಹೋಗುವಾಗ ಹತ್ತು ಸಲ, ಬರುವಾಗ ಹತ್ತು ಸಲ. ಮಕ್ಕಳ ತಲೆ ಸವರುವ ಹಾಗೆ. ಅವಳು ಕಣ್ಣು ಮುಚ್ಚಿಕೊಂಡಳು. "ಮೇಡಂ, ಬೀಜದಲ್ಲಿ ಬಂದಿರೋದು ಸಾವಿರಕ್ಕೆ ಒಂದೋ ಎರಡೋ ಸಸಿಗೆ. ಮಿಕ್ಕಿದ್ದನ್ನೆಲ್ಲ ನಿಮ್ಮ ಕೈ ಹಂಚಿದೆ," ಎಂದಳು.

ಅಂದರೆ ನಾನು ಹೇಳಿದ್ದೂ ನಿಜ, ನೀನು ಹೇಳಿದ್ದೂ ನಿಜ. ನನಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಅರವತ್ತು ಟ್ರೇಯನ್ನೂ ಗುಂಡಿ ತೋಡಿ ಸುಟ್ಟೆವು. ಬೆಳೆಗಾರರನ್ನು ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಬ್ಬರು ಕೂಗಾಡಿದರು. ಮಿಕ್ಕವರು ಸುಮ್ಮನೆ ಎದ್ದು ಹೋದರು, ಅದೇ ಹೆಚ್ಚು ಕಷ್ಟವಾಯಿತು.

ಕೊನೆಗೆ ನಾನು, ನಾದಿನಿಗೆ ಎಲೆ ಕಳಿಸಿ ತೋರಿಸಿದ್ದೇನೆ ಎಂದು ಜಂಭದಿಂದ ಹೇಳಿದೆ. "ಎಲೇನ ಪೋಸ್ಟಲ್ಲಿ ಕಳಿಸಿದ್ರಾ?" ಎಂದು ಆ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟಳು. ಒಣಗಿದ ಎಲೆಯಲ್ಲಿ ಅದು ವರ್ಷಗಟ್ಟಲೆ ಸಾಯುವುದಿಲ್ಲವಂತೆ. ಆಗ ನಿನ್ನ ಕಾಗದ ನೆನಪಾಯಿತು, ಬೆರಳಲ್ಲಿ ತಿಕ್ಕಿದೆ, ಚಿಗುರು ಚಿವುಟಿ ಬಂದೆ ಎಂದು ಬರೆದದ್ದು. ಫೋನ್ ಮಾಡಿದೆ. ಒಂಬತ್ತು ಸಲ. ನನ್ನ ನಂಬರು ನೋಡಿ ನೀನು ಎತ್ತುವುದಿಲ್ಲ. ನಿನ್ನ ಅಣ್ಣ ಅವರ ಫೋನಿಂದ ಮಾಡಿದರೂ ಎತ್ತಲಿಲ್ಲ. ಅವರು ವ್ಯಾನು ತೆಗೆದುಕೊಂಡು ಬರಬೇಕೆಂದರೆ ಅದು ಗ್ಯಾರೇಜಿನಲ್ಲಿ ಮಲಗಿದೆ. ಕಾಗದವೇ ಗತಿ.

ಏನೂ ಆಗಿಲ್ಲ ಎಂದು ಒಂದು ಸಾಲು ಬರೆ.

ಅತ್ತಿಗೆ

*

ಮಾರ್ಚ್ 7

ಅತ್ತಿಗೆ,

ನಿಮ್ಮ ಎಚ್ಚರಿಕೆ ನಿನ್ನೆ ಬಂತು, ನಿಮ್ಮ ಎಲೆ ಬಂದು ಹದಿನೆಂಟು ದಿನವಾದ ಮೇಲೆ.

ಆ ದಿನ ಎಲ್ಲಿಂದ ಶುರುಮಾಡಿದೆ, ಯಾವ ಕಡೆ ತಿರುಗಿದೆ ಎಂಬುದೆಲ್ಲ ಗಿಡಗಳ ಮೇಲೆ ಹಾಗೇ ಕಾಣುತ್ತಿದೆ. ಗೇಟಿನ ಪಕ್ಕದ ಸಾಲು ಪೂರ್ತಿ ಹೋಗಿದೆ. ಎರಡನೆಯ ಸಾಲು ಪೂರ್ತಿ. ಮೂರನೆಯದರ ನಡುವೆ ನಲ್ಲಿಯ ಬಳಿ ಬಾಯಾರಿ ನೀರು ಕುಡಿದು, ಕೈ ಮುಖ ತೊಳೆದಿದ್ದೆ. ಅಲ್ಲಿಂದ ಆರು ಗಿಡ ಚೆನ್ನಾಗಿವೆ. ಏಳನೆಯದರ ಚಿಗುರು ದಪ್ಪವಿತ್ತು, ಮೊದಲ ಸಾಲುಗಳಲ್ಲಿ ಬಳಸಿದ್ದ ಕತ್ತರಿಯನ್ನೇ ಜೇಬಿನಿಂದ ಮತ್ತೆ ತೆಗೆದಿದ್ದೆ. ಏಳನೆಯದರಿಂದ ಮತ್ತೆ ಮಚ್ಚೆ.

ಇವು ಬೀಜದ ಗಿಡಗಳು. ಈ ವರ್ಷದ ಬೀಜ ಇವುಗಳಿಂದ ಬರಬೇಕಿತ್ತು. ಕಳೆದ ವರ್ಷದ ಬೀಜ ಡಬ್ಬಿಯಲ್ಲಿದೆ, ಅದೇ ನಿಮ್ಮ ನರ್ಸರಿ ಹಾಳುಮಾಡಿದ್ದು ಎನ್ನುತ್ತೀರಿ. ಹಾಗಿದ್ದರೆ ಇನ್ನು ಗುಳಿಕೆನ್ನೆ ಎಲ್ಲೂ ಇಲ್ಲ.

ನೀವು ಎಲೆ ಕಳಿಸಿದ್ದು ನನ್ನನ್ನು ಸೋಲಿಸಲು. ಸೋತೆ, ಆಯಿತಲ್ಲ.

ವ್ಯಾನು ರಿಪೇರಿಯಾದರೆ ಅಣ್ಣನನ್ನು ಕಳಿಸಿ. ನೂರಿಪ್ಪತ್ತು ಗಿಡ ಒಬ್ಬಳೇ ಕೀಳಲಾರೆ. ಕೀಳಬಲ್ಲೆ, ಒಬ್ಬಳೇ ನೋಡಲಾರೆ.

*

ಏಪ್ರಿಲ್ 3

ಚೂಟಿ,

ನಿನ್ನ ಅಣ್ಣ ನಿನ್ನಲ್ಲಿಂದ ಬಂದವರು ಎರಡು ದಿನ ವ್ಯಾನನ್ನೇ ತೊಳೆಯುತ್ತಿದ್ದರು. ಮೂರನೇ ದಿನ ಊಟ ಬಡಿಸುವಾಗ, "ಅವಳು ಅಳಲಿಲ್ಲ ಕಣೇ, ಒಂದೊಂದು ಗಿಡ ಚೀಲಕ್ಕೆ ಹಾಕುವಾಗಲೂ ಎಣಿಸ್ತಿದ್ಲು," ಎಂದರು. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರಿಸದೆ ಇದ್ದದ್ದು ಸಿಟ್ಟಿನಿಂದಲ್ಲ. ಸೋಲಿಸಲು ಕಳಿಸಿದ್ದು ಎಂದು ಬರೆದೆಯಲ್ಲ, ಅದು ನಿಜ.

ನೀನು ಕೊಟ್ಟು ಕಳಿಸಿದ ಡಬ್ಬಿಯ ಬೀಜವನ್ನು ಡಾಕ್ಟರು ಹತ್ತು ಪಾಲು ಮಾಡಿ ಪರೀಕ್ಷಿಸಿದಳು. ನಾಲ್ಕು ಪಾಲಿನಲ್ಲಿ ಎರಡು ಗೆರೆ. ಸಿಪ್ಪೆಯ ಮೇಲಿರುವುದನ್ನು ತೊಳೆಯಬಹುದು, ಒಳಗೆ ಹೋಗಿರುವುದನ್ನು ನಂಬುವ ಹಾಗಿಲ್ಲ ಎಂದಳು. ಈ ರೋಗ ತಡೆಯುವ ಬೇರೆ ತಳಿಗಳಿವೆ, ಇನ್ನು ಅವನ್ನೇ ಬೆಳೆಸಿ, ಇದನ್ನು ಬಿಟ್ಟುಬಿಡಿ ಎಂದೂ ಹೇಳಿದಳು. ತಪ್ಪು ಮಾತೇನಲ್ಲ. ಬೆಳೆಗಾರರಿಗೆ ಈ ವರ್ಷ ಅವನ್ನೇ ಕೊಡುತ್ತಿದ್ದೇನೆ. ಹಣ್ಣು ಗುಂಡಗೆ, ಕೆಂಪಗೆ, ಹೊಳೆಯುತ್ತಾ ಬರುತ್ತದೆ. ತಿಂದರೆ ತಿಂದೆ ಎಂದು ನೆನಪಿರುವುದಿಲ್ಲ.

ಹೊರಡುವಾಗ ಅವಳು ಕೇಳಿದ ಪ್ರಶ್ನೆಗಾಗಿ ಈ ಕಾಗದ. "ಮೂವತ್ತು ವರ್ಷ ಒಂದೇ ಮನೇಲಿ ಅದೇ ಬೀಜ ಅಂತೀರಿ. ಇಷ್ಟು ದಿನ ಯಾಕೆ ಬರಲಿಲ್ಲ? ನಿಮ್ಮ ಅತ್ತೆ ಏನು ಮಾಡ್ತಿದ್ರು?"

ಏನೂ ಇಲ್ಲ ಎಂದೆ. ಬೋಗುಣಿಯ ನೆನಪು ಬಂದದ್ದು ಆಮೇಲೆ. ನಾನು ಮದುವೆಯಾಗಿ ಬಂದ ಹೊಸತು. ಅತ್ತೆಯವರು ಹಿತ್ತಲ ಬಾಗಿಲ ಬಳಿ ಬಿಳಿ ಬೋಗುಣಿಯಲ್ಲಿ ಹಾಲಿಟ್ಟಿರುತ್ತಿದ್ದರು. ಹೊಲಕ್ಕೆ ಇಳಿಯುವ ಮುನ್ನ ಎರಡೂ ಕೈ ಅದ್ದುವುದು, ಸಾಲು ಬದಲಿಸುವಾಗ ಬಂದು ಮತ್ತೆ ಅದ್ದುವುದು. ಕತ್ತರಿಯನ್ನೂ ಅದ್ದುವುದು. "ನಿಮ್ಮ ಟೊಮೇಟೊಗೆ ದಿನಾ ಹಾಲಿನ ಸ್ನಾನವಾ ಅತ್ತೆ?" ಎಂದು ನಾನು ನಕ್ಕಿದ್ದೆ. ಅವರಿಗೂ ಕಾರಣ ಗೊತ್ತಿರಲಿಲ್ಲ ಎಂದು ಕಾಣುತ್ತದೆ. "ಅದ್ದಿದ್ರೆ ಗಿಡ ಚೆನ್ನಾಗಿರತ್ತೆ, ಅಷ್ಟೇ," ಎಂದಿದ್ದರು.

ಇದನ್ನು ಹೇಳಿದಾಗ ಡಾಕ್ಟರು ನಗಲಿಲ್ಲ. ಹಾಲಿನ ಅಂಶ ಕೈಗೆ ಅಂಟಿದ ನಂಜನ್ನು ಹಿಡಿದುಹಾಕುತ್ತದೆ, ಗಿಡಕ್ಕೆ ದಾಟಲು ಬಿಡುವುದಿಲ್ಲ, ಇವತ್ತಿಗೂ ನಾವು ಇದನ್ನೇ ಹೇಳಿಕೊಡುವುದು ಎಂದಳು. "ತುಂಬಾ ಜಾಣೆ ನಿಮ್ಮ ಅತ್ತೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಳ ತೂತಾಗಿದೆ, ಎನಾಮಲ್ ಎದ್ದಿದೆ ಎಂದು ಅದನ್ನು ಗುಜರಿಗೆ ಹಾಕಿದವಳು ನಾನು. ನೀನು ಅಂದು ಅಂಗಳದಲ್ಲಿ ನಿಂತು ಕೂಗಿದಾಗ, ಒಂದು ತೂತು ಬೋಗುಣಿಗೆ ಇಷ್ಟು ರಂಪವೇ ಎಂದು ಎಲ್ಲರೆದುರಿಗೆ ಆಡಿಕೊಂಡವಳೂ ನಾನೇ. ನೀನು ಕೂಗಿದ್ದು ಸರಿ. ಎಲ್ಲ ಕೆಟ್ಟದ್ದು ಅಲ್ಲಿಂದ. ಮೂರು ವರ್ಷ ತಡವಾಗಿದೆ, ಆದರೂ ತಪ್ಪಾಯಿತು ಎಂದು ಬರೆಯುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ.

ಅತ್ತಿಗೆ

*

ಏಪ್ರಿಲ್ 11

ಅತ್ತಿಗೆ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ನಿಮ್ಮನ್ನು ಕ್ಷಮಿಸಿದ್ದೆ. ದೊಡ್ಡ ಮನಸ್ಸಿನವಳ ಹಾಗೆ, ಎರಡು ಪುಟ. ಓದಿಕೊಂಡಾಗ ನನಗೇ ಹೇಸಿಗೆಯಾಯಿತು.

ನೀವು ಬೋಗುಣಿಯನ್ನು ಚೀಲಕ್ಕೆ ಹಾಕಿದಾಗ ಅದರಲ್ಲಿ ಹಾಲು ಬಿದ್ದು ಒಂದು ವರ್ಷವಾಗಿತ್ತು.

ಅಮ್ಮ ಹಾಸಿಗೆ ಹಿಡಿದ ವರ್ಷ ಹೊಲ ಪೂರ್ತಿ ನನ್ನ ಮೇಲೆ ಬಿತ್ತಲ್ಲ. ಬೆಳಿಗ್ಗೆ ಅವಳನ್ನು ತೊಳೆದು, ಬಟ್ಟೆ ಬದಲಿಸಿ, ತಿನ್ನಿಸಿ, ಆಮೇಲೆ ಹೊಲ. ಹಾಲಿಗೆ ನೊಣ ಮುತ್ತುತ್ತಿತ್ತು, ಮಧ್ಯಾಹ್ನಕ್ಕೆ ಹುಳಿ ನಾತ, ಬೋಗುಣಿ ಉಜ್ಜುವುದು ಇನ್ನೊಂದು ಕೆಲಸ. ಒಂದು ದಿನ ಬಿಟ್ಟೆ. ಏನೂ ಆಗಲಿಲ್ಲ. ಮರುದಿನವೂ ಬಿಟ್ಟೆ. ಆಮೇಲೆ ಅದು ಬಾಗಿಲ ಬಳಿ ಬೋರಲು ಬಿದ್ದಿತ್ತು, ನಾನು ದಾಟಿಕೊಂಡು ಓಡಾಡಿದೆ.

ಅಮ್ಮನಿಗೆ ಕೊನೆಕೊನೆಗೆ ಯಾರ ಮುಖವೂ ಸರಿಯಾಗಿ ಗುರುತು ಸಿಗುತ್ತಿರಲಿಲ್ಲ. ಅಣ್ಣ ಬಂದರೆ ಅಪ್ಪ ಎಂದುಕೊಳ್ಳುತ್ತಿದ್ದಳು. ಆದರೆ ಸಂಜೆ ನಾನು ಹೊಲದಿಂದ ಒಳಗೆ ಬಂದ ಸಪ್ಪಳ ಕೇಳಿದರೆ ಸಾಕು, ಒಳಕೋಣೆಯಿಂದ ಕೇಳುತ್ತಿದ್ದಳು: "ಕೈ ಅದ್ದಿದ್ಯಾ?"

"ಅದ್ದಿದೆ ಅಮ್ಮಾ," ಎನ್ನುತ್ತಿದ್ದೆ.

ದಿನಾ ಕೇಳುತ್ತಿದ್ದಳು. ದಿನಾ ಹೇಳುತ್ತಿದ್ದೆ. ಹೋಗುವ ಹಿಂದಿನ ಸಂಜೆಯೂ ಕೇಳಿದಳು. ಆ ದಿನವೂ ಹೇಳಿದೆ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ.

ಅದಕ್ಕೇ ನಿಮ್ಮ ಮೇಲೆ ಹಾಗೆ ಹರಿಹಾಯ್ದೆ. ನೀವು ಆ ಬೋಗುಣಿ ಎತ್ತಿದಾಗ ಅದರ ತಳದಲ್ಲಿ ಜೇಡ ಬಲೆ ಕಟ್ಟಿತ್ತು. ನೀವು ಅದನ್ನು ಕಂಡಿರಿ, ಈಗ ಎಲ್ಲರಿಗೂ ಗೊತ್ತಾಗುತ್ತದೆ ಅನ್ನಿಸಿತು. ನಿಮ್ಮ ಬಾಯಿ ಮುಚ್ಚಿಸಲು ನಾನು ಬಾಯಿ ಮಾಡಿದೆ. ನೀವು ನೋಡಿಯೇ ಇರಲಿಲ್ಲವೇನೋ. ಮೂರು ವರ್ಷ ನೀವು ನನ್ನ ಕಣ್ಣಿಗೆ ಅಮ್ಮನ ಬೋಗುಣಿ ಎಸೆದವರಾಗಿಯೇ ಇದ್ದಿರಿ. ನನಗೆ ಅದು ಅನುಕೂಲವಾಗಿತ್ತು.

ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಈ ಜನವರಿಯಲ್ಲೇ, ನಿಮ್ಮ ಎಲೆ ಬರುವ ಮೊದಲೇ, ಹಿಂದಿನ ಮೂಲೆಯ ಎರಡು ಗಿಡದಲ್ಲಿ ಸಣ್ಣ ಮಚ್ಚೆ ಇತ್ತು. ಬಿಸಿಲಿನದು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಎಂದುಕೊಳ್ಳಲು ತೀರ್ಮಾನಿಸಿದೆ. ಒಂದು ಗಿಡದಲ್ಲೂ ಮಚ್ಚೆ ಇಲ್ಲ ಎಂದು ನಿಮಗೆ ಬರೆದದ್ದು ಸುಳ್ಳು. ಹೇಗೂ ಆಗಬೇಕಿದ್ದುದನ್ನು ನಿಮ್ಮ ಎಲೆ ಬೇಗ ಮಾಡಿತು, ಅಷ್ಟೇ. ಅಮ್ಮ ಇದ್ದಾಗ ಅಂಥ ಗಿಡ ಕಂಡರೆ ಮರುಮಾತಿಲ್ಲದೆ ಪಕ್ಕದ ಗಿಡದ ಸಮೇತ ಕಿತ್ತು ಒಲೆಗೆ ಹಾಕುತ್ತಿದ್ದಳು. ಪಕ್ಕದ್ದು ಚೆನ್ನಾಗಿದೆಯಲ್ಲಮ್ಮ ಎಂದರೆ, "ಚೆನ್ನಾಗಿರೋ ಹಾಗೆ ಕಾಣ್ತಿದೆ," ಎನ್ನುತ್ತಿದ್ದಳು.

ತಪ್ಪಾಯಿತು ಎಂದು ನೀವು ಬರೆದಿದ್ದೀರಿ. ಆ ಸಾಲನ್ನು ವಾಪಸು ತೆಗೆದುಕೊಳ್ಳಿ. ಅದು ನನ್ನದು.

ಚೂಟಿ

*

ಮೇ 20

ಚೂಟಿ,

ನಿನ್ನ ಕಾಗದ ಓದಿ ನಿನ್ನ ಅಣ್ಣನಿಗೆ ಕೊಡಲೋ ಬೇಡವೋ ಎಂದು ಯೋಚಿಸಿದೆ. ಕೊಡಲಿಲ್ಲ. ನನಗೆ ಬರೆದದ್ದು ನನ್ನ ಹತ್ತಿರ ಇರಲಿ. ಜೇಡರ ಬಲೆಯನ್ನು ನಾನು ನೋಡಿದ್ದೆ. ಏನೂ ಅಂದುಕೊಳ್ಳಲಿಲ್ಲ. ಒಂದು ವರ್ಷ ಒಬ್ಬಳೇ ಅತ್ತೆಯವರನ್ನು ನೋಡಿಕೊಂಡವಳ ಮನೆಯಲ್ಲಿ ಒಂದು ಬಲೆ ಇದ್ದರೆ ಏನು ಎಂದುಕೊಂಡಿದ್ದೆ. ಆ ಮಾತನ್ನು ಅಂದೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದ್ದು ಬೇರೇನೋ.

ಸುಳ್ಳು ಹೇಳಿದೆ ಎಂದು ಕೊರಗಬೇಡ. ಹೌದು, ಸುಳ್ಳೇ. ಆದರೆ ಅಂದು ನೀನು "ಅದ್ದಿಲ್ಲ ಅಮ್ಮಾ" ಎಂದಿದ್ದರೆ ಅವರು ಹಾಸಿಗೆಯಿಂದ ಎದ್ದು ಹಾಲು ಕಾಯಿಸಲು ಹೋಗಿ ಬೀಳುತ್ತಿದ್ದರು. ನಿನ್ನ ಅಮ್ಮನನ್ನು ನಾನೂ ಬಲ್ಲೆ.

ಈಗ ನನ್ನ ಕಳ್ಳತನ ಕೇಳು.

ಮದುವೆಯಾಗಿ ಬಂದ ವಾರ ಅತ್ತೆಯವರು ನನ್ನನ್ನು ಕರೆದು ಅಂಗೈ ಮೇಲೆ ಒಂದು ಪುಟ್ಟ ಬಟ್ಟೆಯ ಗಂಟು ಇಟ್ಟರು. "ಮಗಳಿಗೆ ಕೊಟ್ಟಿಲ್ಲ, ನಿನಗೇ ಮೊದಲು," ಎಂದರು. ಬಿಚ್ಚಿ ನೋಡಿದರೆ ಬೀಜ. ಹೊಸ ಸೊಸೆ ನಾನು, ಏನೇನೋ ಅಂದುಕೊಂಡಿದ್ದೆ. ಮುಖ ಊದಿಸಿಕೊಂಡು ಹೊಲಿಗೆ ಯಂತ್ರದ ಖಾನೆಗೆ ಎಸೆದವಳು ಹದಿನಾಲ್ಕು ವರ್ಷ ತಿರುಗಿ ನೋಡಿರಲಿಲ್ಲ. ನಿನ್ನ ಕಾಗದ ಬಂದ ದಿನ ಹುಡುಕಿದೆ. ಬಾಬಿನ್ನುಗಳ ಅಡಿಯಲ್ಲಿತ್ತು. ಮೂವತ್ತು ಬೀಜ, ಕಂದು ಬಣ್ಣಕ್ಕೆ ತಿರುಗಿದ್ದವು.

ನಿನಗೆ ಹೇಳಲಿಲ್ಲ. ಹೇಳಿ, ಆಸೆ ಹುಟ್ಟಿಸಿ, ಒಂದೂ ಮೊಳೆಯದಿದ್ದರೆ ಎಂದು ಹೆದರಿಕೆ. ಡಾಕ್ಟರು ಕೊಟ್ಟ ಪುಡಿಯನ್ನು ನೀರಲ್ಲಿ ಕರಗಿಸಿ, ಇಪ್ಪತ್ತು ನಿಮಿಷ ಬೀಜ ನೆನೆಸಿ, ತೊಳೆದು, ಹೊಸ ಟ್ರೇ ಹೊಸ ಮಣ್ಣಿನಲ್ಲಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ನರ್ಸರಿಯ ಹತ್ತಿರಕ್ಕೂ ಒಯ್ಯಲಿಲ್ಲ. ಎಂಟು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ನಿನ್ನ ಅಣ್ಣ ಚಹಾ ಲೋಟ ಹಿಡಿದುಕೊಂಡು ಕಿಟಕಿಯ ಮುಂದೆ ನಿಂತವರು ಅಲ್ಲಾಡಲಿಲ್ಲ. "ಬಾರೇ ಇಲ್ಲಿ," ಎಂದರು, ಜೋರಾಗಿ ಕರೆದರೆ ಅದು ಒಳಗೆ ಹೋಗಿಬಿಡುತ್ತದೆ ಎನ್ನುವ ಹಾಗೆ.

ಮೂವತ್ತರಲ್ಲಿ ಏಳು ಬಂದವು. ನಾಲ್ಕು ಎಲೆಯಾದ ಮೇಲೆ ಡಾಕ್ಟರು ಪಟ್ಟಿ ಹಿಡಿದುಕೊಂಡು ಬಂದಳು. ಆರರಲ್ಲಿ ಒಂದೇ ಗೆರೆ. ಒಂದರಲ್ಲಿ ಎರಡು.

ಅಂದರೆ ಅತ್ತೆಯವರ ಬೀಜದಲ್ಲೂ ಇತ್ತು, ಚೂಟಿ. ಹದಿನಾಲ್ಕು ವರ್ಷದ ಹಿಂದೆಯೇ ಇತ್ತು. ನಾನು ತಂದದ್ದೂ ಅಲ್ಲ, ನೀನು ತಂದದ್ದೂ ಅಲ್ಲ. ಅವರು ರೋಗವೇ ಇಲ್ಲದ ಗಿಡ ಬೆಳೆಸಿದವರಲ್ಲ. ಇದ್ದದ್ದನ್ನು ಹಬ್ಬಲು ಬಿಡದೆ ದಿನಾ ಕೈ ಅದ್ದಿದವರು, ಕಂಡದ್ದನ್ನು ಕಿತ್ತವರು. ಮೂವತ್ತು ವರ್ಷ ಒಂದು ದಿನ ತಪ್ಪದೆ. ಅದನ್ನು ಯೋಚಿಸಿದಾಗ ನಾನು ಆ ಕಿಟಕಿಯ ಮುಂದೆ ಕೂತು ಅತ್ತುಬಿಟ್ಟೆ, ಅವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಏಳನೆಯದನ್ನು ಕಿತ್ತೆ. ನೋಡಲು ಮಿಕ್ಕ ಆರಕ್ಕಿಂತ ಚೆನ್ನಾಗಿತ್ತು.

ಮಿಕ್ಕ ಆರರಲ್ಲಿ ಮೂರು ನಿನಗೆ. ನಿನ್ನ ಅಣ್ಣ ವ್ಯಾನಿನಲ್ಲಿ ತರುತ್ತಾರೆ. ಹಳೆಯ ಜಾಗದಲ್ಲಿ ನೆಡಬೇಡ, ಅಲ್ಲಿ ಎರಡು ವರ್ಷ ಜೋಳ ಹಾಕು. ಹಳೆಯ ಗೂಟ, ದಾರ ಎಲ್ಲ ಸುಡು. ನಾನು ಬರಲೇ ಎಂದು ಕೇಳಬೇಕೆಂದಿದೆ, ಆದರೆ ಇಲ್ಲಿಯ ಮೂರನ್ನು ಬಿಟ್ಟು ಬರಲಾರೆ. ಈಗಲೂ ಬೆಳಿಗ್ಗೆ ಎದ್ದರೆ ನನ್ನ ಕೈ ತಾನಾಗಿ ಅವುಗಳ ತಲೆಯ ಕಡೆಗೆ ಹೋಗುತ್ತದೆ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ನಿನ್ನ ಅಣ್ಣ ನೋಡಿ, ಶಾಲೆಯ ಇನ್‌ಸ್ಪೆಕ್ಟರು ಬಂದರು ಎನ್ನುತ್ತಾರೆ.

ಇನ್ನು ಪ್ರತಿ ಕಾಗದದ ಕೊನೆಯಲ್ಲೂ ನಿನ್ನನ್ನು ಒಂದು ಮಾತು ಕೇಳುತ್ತೇನೆ. ಅತ್ತೆಯವರ ಹಾಗೆ ಪಟ್ಟು ಹಿಡಿದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿಜವನ್ನೇ ಹೇಳು. ಅದ್ದಿಲ್ಲ ಎಂದರೂ ನಾನೇನೂ ಬಿದ್ದುಹೋಗುವುದಿಲ್ಲ.

ಕೈ ಅದ್ದಿದ್ಯಾ?

ನಿನ್ನ ಅತ್ತಿಗೆ

*

ಜೂನ್ 9

ಅತ್ತಿಗೆ,

ಅಣ್ಣ ಬಂದು ಎರಡು ವಾರವಾಯಿತು. ಕೈಗೆ ರಬ್ಬರ್ ಗ್ಲೌಸು, ಮುಖದ ಮೇಲೆ ಆಪರೇಷನ್ ಥಿಯೇಟರಿನಿಂದ ಹೊರಬಂದವನ ಕಳೆ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಹಾಡು ಹಾಕಲಿಲ್ಲವಂತೆ, ಸಸಿಗಳಿಗೆ ತೊಂದರೆಯಾಗುತ್ತದೆಂದು. ಇದನ್ನು ಡಾಕ್ಟರು ಹೇಳಿದರೋ ಅವನೇ ಕಂಡುಹಿಡಿದನೋ ಗೊತ್ತಿಲ್ಲ.

ಮನೆಯ ಇನ್ನೊಂದು ಮಗ್ಗುಲಲ್ಲಿ, ಎಂದೂ ಟೊಮೇಟೊ ಕಾಣದ ನೆಲದಲ್ಲಿ ಮೂರನ್ನೂ ನೆಟ್ಟೆ. ಒಂದಕ್ಕೊಂದು ತಾಗದಷ್ಟು ದೂರ. ಅಮ್ಮನ ಕೋಣೆಯ ಕಿಟಕಿ ಆ ಕಡೆಗೇ ತೆರೆಯುತ್ತದೆ. ಅವಳು ಹೋದ ಮೇಲೆ ಆ ಕಿಟಕಿ ತೆಗೆದಿರಲಿಲ್ಲ. ಈಗ ಗಿಡ ನೋಡಲೆಂದು ದಿನಾ ತೆಗೆಯುತ್ತೇನೆ.

ಬಾಗಿಲ ಬಳಿ ಸ್ಟೀಲಿನ ಬೋಗುಣಿ ಇಟ್ಟಿದ್ದೇನೆ. ನೊಣ ಬರುತ್ತದೆ. ತಟ್ಟೆ ಮುಚ್ಚುತ್ತೇನೆ. ಮಧ್ಯಾಹ್ನಕ್ಕೆ ನಾತ ಬರುತ್ತದೆ. ಚೆಲ್ಲಿ, ಉಜ್ಜಿ, ಬೇರೆ ಹಾಕುತ್ತೇನೆ. ಅಷ್ಟೇ ಕೆಲಸ ಅತ್ತಿಗೆ. ಅಷ್ಟು ಚಿಕ್ಕ ಕೆಲಸವಾಗಿತ್ತು ಅದು.

ಮೊದಲ ಗಿಡದಲ್ಲಿ ನಿನ್ನೆ ಹೂ ಬಿಟ್ಟಿದೆ. ಗುಳಿ ಬರುತ್ತದೋ ಇಲ್ಲವೋ ಹಣ್ಣಾದ ಮೇಲೆ ತಿಳಿಯುತ್ತದೆ. ಬಂದರೆ ಮೊದಲ ಹಣ್ಣು ತಿನ್ನಲು ನೀವೇ ಬನ್ನಿ. ನಿಮ್ಮ ಮೂರು ಗಿಡವನ್ನು ಅಣ್ಣ ಒಂದು ದಿನ ಕಾಯಲಿ. ಫೋನ್ ಮಾಡಿ, ಎತ್ತುತ್ತೇನೆ. ಮೂರನೇ ಮಾತಿಗೆ ಜಗಳವಾದರೂ ಇಡುವುದಿಲ್ಲ.

ಸಂಜೆ ಹೊಲದಿಂದ ಒಳಗೆ ಬರುವಾಗ ಮನೆ ನಿಶ್ಶಬ್ದವಾಗಿರುತ್ತದೆ. ನಿಮ್ಮ ಕಾಗದವನ್ನು ಒಳಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ, ಕೊನೆಯ ಸಾಲು ಕಾಣುವ ಹಾಗೆ ಮಡಚಿ. ಅದನ್ನು ಓದಿ, ಜೋರಾಗಿಯೇ ಉತ್ತರ ಹೇಳಿ, ಆಮೇಲೆ ದೀಪ ಹಾಕುತ್ತೇನೆ.

ನಿಮಗೂ ಬರೆಯುತ್ತಿದ್ದೇನೆ. ಈ ಹಾಳೆಯ ಅಂಚಿನಲ್ಲಿ ಒರಟಾಗಿ ಒಣಗಿರುವ ಕಲೆ ಹಾಲಿನದು, ಹೆದರಬೇಡಿ.

ಅದ್ದಿದೆ, ಅತ್ತಿಗೆ.

ಚೂಟಿ